ಟೀಚರ ಮನೆ ಮುಂದೆ ಹಿಮ ಬೀಳುವುದಿಲ್ಲವೇ?



ಚಳಿಗಾಲದಲ್ಲಿ ನಮ್ಮ ಸಂಘದ ಯಾವ ಕೂಟಕ್ಕೇ ಹೋಗಿ, ಬಿಸಿಬೇಳೆಭಾತಿನ ಜೊತೆಗೆ ಇನ್ನೊಂದು ಪದಾರ್ಥವನ್ನೂ ಬಡಿಸಿರುತ್ತಾರೆ. ಅದು ಇಲ್ಲಿನ ಶಾಲೆಯ ಟೀಚರುಗಳ ಮೇಲಿನ ದೂರು. "ಎರಡು ಇಂಚು ಸ್ನೋ ಬಿದ್ದರೆ ಸಾಕು, ಸ್ಕೂಲು ಬಂದ್! ಇವರಿಗೆ ರಜೆಗೊಂದು ನೆಪ ಬೇಕು ಅಷ್ಟೆ. ನಮ್ಮ ಯಜಮಾನರು ಅದೇ ಸ್ನೋದಲ್ಲಿ ಆಸ್ಪತ್ರೆಗೆ ಹೋಗಲಿಲ್ಲವೇ?" ಹೀಗೆ ಹೇಳುವವರು ಒಬ್ಬಿಬ್ಬರಲ್ಲ, ಕೇಳಿ ತಲೆಯಾಡಿಸುವವರು ಅದಕ್ಕೂ ಹೆಚ್ಚು. ಈ ಮಾತು ಅನ್ಯಾಯದ್ದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಊಟದ ಹರಟೆಯಷ್ಟೇ ಆಗಿದ್ದರೆ ನಾವೂ ಕೇಳಿ ಸುಮ್ಮನಿರುತ್ತಿದ್ದೆವು. ಆದರೆ ಈ ಚಟ ಈಗ ನಮ್ಮದೇ ಕನ್ನಡ ತರಗತಿಯ ಬುಡಕ್ಕೆ ಬಂದಿದೆ. ಆದ್ದರಿಂದ ಖಾರವಾಗಿಯೇ ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಶಾಲೆಯನ್ನು ಮುಚ್ಚುವವರು ಯಾರು? ತರಗತಿಯಲ್ಲಿ ಪಾಠ ಹೇಳುವ ಟೀಚರಂತೂ ಅಲ್ಲ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಆ ತೀರ್ಮಾನ ಹೆಡ್ ಟೀಚರದ್ದು. ಬೆಳಗಿನ ಜಾವ ಎದ್ದು ಅವರು ಲೆಕ್ಕ ಹಾಕಬೇಕು. ಎಷ್ಟು ಜನ ಟೀಚರು ಬರಬಲ್ಲರು? ಬಾಯ್ಲರ್ ನಡೆಯುತ್ತಿದೆಯೇ? ಗೇಟಿನಿಂದ ಬಾಗಿಲ ತನಕ ಮಕ್ಕಳು ಜಾರದೆ ನಡೆಯಬಹುದೇ? ಅಡುಗೆಯವರು ಬರುತ್ತಾರೆಯೇ? ಸ್ಕೂಲ್ ಬಸ್ಸು ಬೆಳಿಗ್ಗೆ ಬಂದರೂ ಮಧ್ಯಾಹ್ನ ಮಕ್ಕಳನ್ನು ವಾಪಸ್ಸು ಬಿಡಲು ಆದೀತೇ? ಐದರಿಂದ ಏಳು ವರ್ಷದ ಮಕ್ಕಳ ತರಗತಿಯಲ್ಲಿ ಒಬ್ಬ ಟೀಚರಿಗೆ 30 ಮಕ್ಕಳಿಗಿಂತ ಹೆಚ್ಚಿರಬಾರದೆಂದು 1998ರ ಕಾಯಿದೆಯಿಂದಲೇ ಮಿತಿ ಇದೆ. ನರ್ಸರಿಯ ಪುಟಾಣಿಗಳಿಗಂತೂ ನಿಯಮ ಇನ್ನೂ ಬಿಗಿ. ಹತ್ತು ಟೀಚರಲ್ಲಿ ನಾಲ್ವರು ಮಾತ್ರ ಬಂದರೆ ಹೆಡ್ ಟೀಚರು ಏನು ಮಾಡಬೇಕು? ನೂರಾರು ಮಕ್ಕಳನ್ನು ಹಾಲಿನಲ್ಲಿ ಕೂಡಿಹಾಕಿ ಒಬ್ಬರನ್ನು ಕಾವಲಿಗೆ ನಿಲ್ಲಿಸಬೇಕೇ? ಹಾಗೆ ಮಾಡಿದ ದಿನ ಒಂದು ಮಗು ಬಿದ್ದು ಕೈ ಮುರಿದುಕೊಂಡರೆ, ಶಾಲೆಯ ಮೇಲೆ ಕೇಸು ಹಾಕುವುದು ಹೇಗೆ ಎಂದು ಮೊದಲು ವಿಚಾರಿಸುವವರೂ ಇದೇ ದೂರು ಹೇಳುವ ಮಹನೀಯರೇ.

ಎರಡನೆಯದು, ಡಾಕ್ಟರ ಹೋಲಿಕೆ. ನಮ್ಮ ಸಂಘದಲ್ಲಿ ಆಸ್ಪತ್ರೆಗಳಲ್ಲಿ ದುಡಿಯುವವರು ಬಹಳ. ಹಿಮದಲ್ಲಿ ಮೈಲಿಗಟ್ಟಲೆ ನಡೆದು ವಾರ್ಡು ಸೇರಿದವರೂ ಇದ್ದಾರೆ. ಅವರ ಬಗ್ಗೆ ನಮಗೆ ಹೆಮ್ಮೆ. ಆದರೆ ಪೂರ್ತಿ ಕಥೆ ಹೇಳೋಣ. 2018ರ ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ 'ಪೂರ್ವದ ಮೃಗ' ಎಂದು ಇಲ್ಲಿನ ಪತ್ರಿಕೆಗಳು ಕರೆದ ಆ ಶೀತಗಾಳಿ ಬಂದಾಗ ಎಷ್ಟೋ ಆಸ್ಪತ್ರೆಗಳು ತುರ್ತಲ್ಲದ ಆಪರೇಷನ್ನುಗಳನ್ನೂ ಕ್ಲಿನಿಕ್ಕುಗಳನ್ನೂ ಮುಂದಕ್ಕೆ ಹಾಕಿದವು. ನರ್ಸುಗಳನ್ನೂ ಡಾಕ್ಟರುಗಳನ್ನೂ ಕರೆತರಲು ಫೋರ್ ವೀಲ್ ಡ್ರೈವ್ ಗಾಡಿ ಇರುವವರು ನೆರವಾಗಿ ಎಂದು ಸಾರ್ವಜನಿಕರನ್ನು ಕೇಳಿಕೊಂಡವು. ಜನರೂ ಮುಂದೆ ಬಂದರು, ಅದು ಮೆಚ್ಚಬೇಕಾದ್ದೇ. ಟೀಚರನ್ನು ಕರೆತರಲು ಮಾತ್ರ ಯಾರು ಗಾಡಿ ಕಳಿಸಿದರು? ಆಸ್ಪತ್ರೆ ಎಂದರೆ ಇಪ್ಪತ್ತನಾಲ್ಕು ಗಂಟೆಯ ಸಂಸ್ಥೆ. ಬರಬೇಕಾದವರು ಬಾರದಿದ್ದರೆ ರಾತ್ರಿಯವರು ಅಲ್ಲೇ ಉಳಿಯುತ್ತಾರೆ. ಶಾಲೆಯಲ್ಲಿ ರಾತ್ರಿ ಪಾಳಿ ಇದೆಯೇ?

ಮೂರನೆಯದು ಸ್ವಲ್ಪ ಚುಚ್ಚುವಂಥದ್ದು. ಈ ಟೀಚರುಗಳು ಶಾಲೆಯ ಪಕ್ಕದಲ್ಲೇ ಯಾಕೆ ವಾಸವಾಗಿಲ್ಲ? ಒಳ್ಳೆಯ ಶಾಲೆಯ ಕ್ಯಾಚ್‌ಮೆಂಟಿನೊಳಗೆ ಮನೆ ಬೇಕೆಂದು ಹಠ ಹಿಡಿದು, ಕೇಳಿದ ಬೆಲೆಯ ಮೇಲೆ ಇನ್ನಷ್ಟು ಕೊಟ್ಟು ಕೊಳ್ಳುವವರು ಯಾರು? ಆ ಬೀದಿಯ ಮನೆಬೆಲೆ ಏರಿ ಏರಿ ಅದೇ ಶಾಲೆಯ ಎಳೆಯ ಟೀಚರು ಅಲ್ಲಿ ಒಂದು ರೂಮು ಹಿಡಿಯಲೂ ಆಗದೆ ಇಪ್ಪತ್ತು ಮೂವತ್ತು ಮೈಲಿ ಆಚೆಗೆ ಹೋಗಿರುತ್ತಾಳೆ. ನಮ್ಮ ಮಕ್ಕಳು ಐದು ನಿಮಿಷ ನಡೆದು ಗೇಟು ತಲುಪುವಾಗ, ಆಕೆ ಉಪ್ಪು ಹಾಕದ ಹಳ್ಳಿ ರಸ್ತೆಯಲ್ಲಿ ಕಾರಿನ ಗಾಜು ಕೆರೆಯುತ್ತಿರುತ್ತಾಳೆ. "ನಮ್ಮ ರಸ್ತೆ ಸರಿಯಾಗೇ ಇತ್ತಲ್ಲ?" ಎಂದು ಕೇಳುವವರು ಆಕೆಯ ರಸ್ತೆ ನೋಡಿದ್ದಾರೆಯೇ? ಅದೂ ಅಲ್ಲದೆ ಆಕೆಗೂ ಮಕ್ಕಳಿರಬಹುದು. ಅವರ ಶಾಲೆ ಬೇರೆ ಊರಿನಲ್ಲಿ ಮುಚ್ಚಿರಬಹುದು. ಶಾಲೆ ದಿಢೀರನೆ ಮುಚ್ಚಿ ಮಗುವನ್ನು ನೋಡಿಕೊಳ್ಳುವವರು ಇಲ್ಲದಾದಾಗ ರಜೆ ತೆಗೆದುಕೊಳ್ಳುವ ಹಕ್ಕು ಇಲ್ಲಿನ ಉದ್ಯೋಗ ಕಾನೂನಿನಲ್ಲಿ ನಮಗೆಲ್ಲ ಇದೆ. ನಾವು ಬಳಸಿದರೆ ಹಕ್ಕು, ಟೀಚರು ಬಳಸಿದರೆ ನೆಪವೇ?

2009ರ ಫೆಬ್ರವರಿ 2, ಸೋಮವಾರವನ್ನು ಹಳಬರು ಮರೆತಿರಲಾರರು. ಆಗ್ನೇಯ ಇಂಗ್ಲೆಂಡಿನಲ್ಲಿ 18 ವರ್ಷಗಳಲ್ಲೇ ಕಾಣದಷ್ಟು ಹಿಮ. ಲಂಡನ್ನಿನ ಕೆಂಪು ಬಸ್ಸುಗಳೆಲ್ಲ ನಿಂತವು. ಸಾವಿರಾರು ಶಾಲೆಗಳು ಮುಚ್ಚಿದವು. ಅಂದು ಎಷ್ಟೋ ಆಫೀಸುಗಳೂ ಅರ್ಧ ಖಾಲಿ. ಬ್ಯಾಂಕಿನವರು, ಕಂಪ್ಯೂಟರಿನವರು, ಅಕೌಂಟೆಂಟರು ಎಲ್ಲರೂ ಮನೆಯಲ್ಲೇ ಉಳಿದು ಮಕ್ಕಳ ಜೊತೆ ಹಿಮದ ಗೊಂಬೆ ಮಾಡಿದರು. ಅವರನ್ನು ಯಾರೂ ಸೋಮಾರಿಗಳೆನ್ನಲಿಲ್ಲ. ಸೋಮಾರಿಗಳೆಂಬ ಬಿರುದು ಸಿಕ್ಕಿದ್ದು ಟೀಚರುಗಳಿಗೆ ಮಾತ್ರ.

"ಕೆನಡಾದಲ್ಲಿ, ಜರ್ಮನಿಯಲ್ಲಿ ಅಡಿಗಟ್ಟಲೆ ಸ್ನೋ ಬಿದ್ದರೂ ಎಲ್ಲ ನಡೆಯುತ್ತದೆ" ಎನ್ನುವವರಿದ್ದಾರೆ. ನಡೆಯುತ್ತದೆ, ಏಕೆಂದರೆ ಅಲ್ಲಿ ಅದಕ್ಕೆ ಸಿದ್ಧತೆ ಇದೆ. ಕೆನಡಾದ ಕ್ವಿಬೆಕ್ಕಿನಲ್ಲಿ 2008ರಿಂದ ಚಳಿಗಾಲದ ಟೈರು ಕಡ್ಡಾಯ. ಜರ್ಮನಿಯಲ್ಲಿ 2010ರಿಂದ ಹಿಮ, ಮಂಜುಗಡ್ಡೆ ಇರುವ ರಸ್ತೆಗೆ ಅಂಥ ಟೈರಿಲ್ಲದೆ ಗಾಡಿ ಇಳಿಸುವಂತಿಲ್ಲ. ಇಲ್ಲಿ ನಮ್ಮಲ್ಲಿ ಎಷ್ಟು ಮನೆಯ ಕಾರಿಗೆ ಆ ಟೈರು ಇದೆ, ಕೈ ಎತ್ತಿ ನೋಡೋಣ. ಇನ್ನು ಸಿದ್ಧತೆ ಇಲ್ಲದ ಊರಿನಲ್ಲಿ ಶಾಲೆ ತೆರೆದಿಟ್ಟರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಅಟ್ಲಾಂಟಾ 2014ರ ಜನವರಿ 28ರಂದು ತೋರಿಸಿತು. ಬಿದ್ದದ್ದು ಎರಡು ಮೂರು ಇಂಚು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಮನೆಗೆ ಹೊರಟು ರಸ್ತೆಗಳೆಲ್ಲ ಕಟ್ಟಿಹೋದವು. ಅಲ್ಲಿಯೂ ಪಕ್ಕದ ಅಲಬಾಮಾದಲ್ಲಿಯೂ ಸಾವಿರಾರು ಮಕ್ಕಳು ಆ ರಾತ್ರಿ ಶಾಲೆಯಲ್ಲೇ ಮಲಗಿದರು. ಅವರ ಜೊತೆ ತಾವೂ ಉಳಿದು, ಇದ್ದದ್ದನ್ನು ಉಣ್ಣಿಸಿ, ಜಿಮ್ಮಿನ ನೆಲದ ಮೇಲೆ ಮಲಗಿಸಿ ಕಾಯ್ದವರು ಯಾರು? ಇದೇ ಟೀಚರುಗಳು.

ಹಾಗಾದರೆ ತಂದೆತಾಯಿಗಳ ಕಷ್ಟ ಕಷ್ಟವೇ ಅಲ್ಲವೇ? ಖಂಡಿತ ಕಷ್ಟವೇ. ಬೆಳಿಗ್ಗೆ ಏಳೂವರೆಗೆ ಸಂದೇಶ ಬಂದರೆ ಎಂಟು ಗಂಟೆಯ ಪಾಳಿಗೆ ಹೊರಟ ನರ್ಸು ತಾಯಿ ಏನು ಮಾಡಬೇಕು? ಗಂಟೆ ಲೆಕ್ಕದಲ್ಲಿ ಅಂಗಡಿಯಲ್ಲಿ ದುಡಿಯುವವರಿಗೆ ಆ ದಿನದ ಸಂಬಳವೇ ಹೋಯಿತು. ಏಕೆಂದರೆ ಮೇಲೆ ಹೇಳಿದ ರಜೆಗೆ ಸಂಬಳ ಕೊಡಬೇಕೆಂದು ಕಾನೂನು ಹೇಳುವುದಿಲ್ಲ. ಶಾಲೆಯ ಉಚಿತ ಊಟವನ್ನೇ ನಂಬಿದ ಮಗುವಿಗೆ ಒಂದು ಹೊತ್ತಿನ ಬಿಸಿ ಊಟ ತಪ್ಪಿತು. ಇವು ನಿಜವಾದ ದೂರುಗಳು. ಆದರೆ ಟೀಚರನ್ನು ಬೈದರೆ ಇದರಲ್ಲಿ ಯಾವುದೂ ನೀಗುವುದಿಲ್ಲ. ಶಾಲೆಯ ಗವರ್ನರುಗಳನ್ನು ಕೇಳಿ: ತೀರ್ಮಾನವನ್ನು ಹಿಂದಿನ ರಾತ್ರಿಯೇ ತಿಳಿಸಲು ಸಾಧ್ಯವೇ? ಬಂದ ಟೀಚರುಗಳಿಂದ ಒಂದೆರಡು ತರಗತಿಯಾದರೂ ನಡೆಸಿ, ಆಸ್ಪತ್ರೆಯಲ್ಲಿ ದುಡಿಯುವವರ ಮಕ್ಕಳನ್ನು ಮೊದಲು ಸೇರಿಸಿಕೊಳ್ಳಬಹುದೇ? ಇದೇನು ಆಗದ ಮಾತಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ ಅಗತ್ಯ ಸೇವೆಯವರ ಮಕ್ಕಳಿಗಾಗಿ ಬಾಗಿಲು ತೆರೆದೇ ಇತ್ತು. ಲಸಿಕೆ ಇಲ್ಲದ ಆ ದಿನಗಳಲ್ಲಿ ನಮ್ಮ ಡಾಕ್ಟರುಗಳ ಮಕ್ಕಳನ್ನು ನೋಡಿಕೊಂಡವರೂ ಇದೇ ಟೀಚರುಗಳು. ಇಷ್ಟು ಬೇಗ ಮರೆತೆವೇ? ಅಂದಹಾಗೆ, ಗವರ್ನರ್ ಸ್ಥಾನಗಳಲ್ಲಿ ತಂದೆತಾಯಿಗಳಿಗೂ ಜಾಗವಿದೆ. ನಮ್ಮವರಲ್ಲಿ ಎಷ್ಟು ಜನ ಆ ಚುನಾವಣೆಗೆ ನಿಂತಿದ್ದಾರೆ?

"ಮಕ್ಕಳ ವಿದ್ಯೆ ಹಾಳಾಗುತ್ತದೆ" ಎಂಬ ಮಾತಿಗೂ ಒಂದು ಉತ್ತರ. ಇಂಗ್ಲೆಂಡಿನ ಶಾಲಾ ವರ್ಷ 190 ದಿನ. ಅದರಲ್ಲಿ ಹಿಮ ನುಂಗುವುದು ಕೆಲವು ವರ್ಷ ಒಂದೆರಡು ದಿನ, ಎಷ್ಟೋ ವರ್ಷ ಏನೂ ಇಲ್ಲ. ಡಿಸೆಂಬರಿನಲ್ಲಿ ಟಿಕೆಟ್ ಅಗ್ಗವೆಂದು ರಜೆಗೆ ಮೊದಲೇ ಹತ್ತು ದಿನ ಮಕ್ಕಳನ್ನು ಶಾಲೆ ಬಿಡಿಸಿ ಬೆಂಗಳೂರಿನ ವಿಮಾನ ಹತ್ತಿಸುವಾಗ ಈ ವಿದ್ಯೆಯ ಚಿಂತೆ ಎಲ್ಲಿರುತ್ತದೆ? ಹಿಮಕ್ಕೆ ಒಂದು ದಿನ ಹೋದರೆ ವಿದ್ಯೆ ಹಾಳು, ಸೋದರಮಾವನ ಮಗಳ ಮದುವೆಗೆ ಹತ್ತು ದಿನ ಹೋದರೆ ಸಂಸ್ಕೃತಿ!

ಮಲೆನಾಡಿನಿಂದ, ಕರಾವಳಿಯಿಂದ, ಕೊಡಗಿನಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದ ಮಳೆಗೆ ಹಳ್ಳ ತುಂಬಿ ಕಾಲುಸಂಕ ಮುಳುಗಿದರೆ ಜಿಲ್ಲಾಧಿಕಾರಿಗಳು ರಜೆ ಸಾರುತ್ತಾರೆ. ಆ ದಿನ "ಮೇಷ್ಟರು ಸೋಮಾರಿ" ಎಂದು ಅಲ್ಲಿ ಯಾರೂ ಅನ್ನುವುದಿಲ್ಲ. ನೀರಿನ ರಭಸ ಅಲ್ಲಿನ ಜನಕ್ಕೆ ಗೊತ್ತು. ಅದೇ ವಿವೇಕ ಹೀಥ್ರೂನಲ್ಲಿ ಇಳಿದ ಕೂಡಲೇ ಯಾಕೆ ಕರಗಿಹೋಗಬೇಕು? ಸೆಪ್ಟೆಂಬರ್ 5 ಬಂದರೆ ನಮ್ಮ ವೇದಿಕೆಯ ಮೇಲೆ ಗುರುವಂದನೆ, ಹಾರ, ಭಾಷಣ. ಜನವರಿಯಲ್ಲಿ ಅದೇ ಬಾಯಲ್ಲಿ ಬೈಗುಳ. ಮಕ್ಕಳು ಎರಡನ್ನೂ ಕೇಳಿಸಿಕೊಳ್ಳುತ್ತಿರುತ್ತಾರೆ. ರಾತ್ರಿ ಊಟದ ಮೇಜಿನಲ್ಲಿ ಅಪ್ಪನಿಂದ "ಆ ಟೀಚರ್ ಮೋಸಗಾರ್ತಿ" ಎಂದು ಕೇಳಿದ ಮಗು ಮರುದಿನ ಆಕೆಯ ಮಾತನ್ನು ಯಾವ ಮನಸ್ಸಿನಿಂದ ಕೇಳೀತು?

ಈಗ ನಮ್ಮ ಮನೆಯ ವಿಷಯ. ಭಾನುವಾರದ ಕನ್ನಡ ತರಗತಿಗೆ ಬರುವ ನಮ್ಮ ಶಿಕ್ಷಕಿಯರಿಗೆ ಸಂಬಳವಿಲ್ಲ, ಪೆಟ್ರೋಲಿನ ಖರ್ಚೂ ಅವರದೇ. ಕಳೆದ ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟಿದ್ದ ಒಂದು ಭಾನುವಾರ ಅವರಲ್ಲೊಬ್ಬರು ಬರಲಾಗಲಿಲ್ಲ. ಬೆಳಿಗ್ಗೆ ಎಂಟಕ್ಕೇ ಫೋನು ಮಾಡಿ ತಿಳಿಸಿದ್ದರು. ಆದರೂ ಆ ವಾರವೆಲ್ಲ ಅವರಿಗೂ ಸಮಿತಿಗೂ ಬಂದ ಫೋನುಗಳಲ್ಲಿ "ಜವಾಬ್ದಾರಿ ಇಲ್ಲ" ಎಂಬ ಮಾತು ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಆ ಸೋದರಿ ಈಗ, ಬರುವ ವರ್ಷ ತಮಗೆ ಬಿಡುವು ಕೊಡಿ ಎಂದು ಕೇಳಿದ್ದಾರೆ. ಅವರ ಜಾಗಕ್ಕೆ ಇದುವರೆಗೆ ಒಬ್ಬರೂ ಮುಂದೆ ಬಂದಿಲ್ಲ. ದೂರಿದವರಂತೂ ಬಂದೇ ಇಲ್ಲ. ಅವರು ಬಿಟ್ಟರೆ ಆ ತರಗತಿ ನಿಲ್ಲುತ್ತದೆ. ಅ ಆ ಇ ಈ ಬರೆಯುವುದನ್ನು ಈಗಷ್ಟೇ ಕಲಿಯುತ್ತಿರುವ ಮಕ್ಕಳ ಕನ್ನಡವೂ ಅಲ್ಲಿಗೇ ನಿಲ್ಲುತ್ತದೆ. ಅಜ್ಜಿಯ ಜೊತೆ ಫೋನಿನಲ್ಲಿ ನಾಲ್ಕು ಮಾತಾಡಲೆಂದು ತಾನೇ ನಾವು ಈ ತರಗತಿ ಶುರುಮಾಡಿದ್ದು?

ಆದ್ದರಿಂದ ನಮ್ಮ ಸಲಹೆಗಳು ಮೂರು. ಹಿಮದ ಮುನ್ಸೂಚನೆ ಇದ್ದರೆ ಶನಿವಾರ ರಾತ್ರಿ ಎಂಟು ಗಂಟೆಯೊಳಗೆ ಸಮಿತಿಯೇ ತೀರ್ಮಾನಿಸಿ ಎಲ್ಲರಿಗೂ ತಿಳಿಸಲಿ, ಆ ಹೊರೆ ಶಿಕ್ಷಕಿಯರ ತಲೆಯ ಮೇಲೆ ಬೇಡ. ಹಾಲಿನ ಸಮೀಪ ಇರುವ ಇಬ್ಬರು ತಂದೆತಾಯಿಗಳು ಪ್ರತಿ ತರಗತಿಗೂ ಬದಲಿಯಾಗಿ ಹೆಸರು ಕೊಡಲಿ. ಕಥೆ ಹೇಳುವುದಕ್ಕೆ, ಕಾಗುಣಿತ ತಿದ್ದಿಸುವುದಕ್ಕೆ ಡಿಗ್ರಿ ಬೇಕಿಲ್ಲ. ಮೂರನೆಯದಾಗಿ, ಶಿಕ್ಷಕಿಯರ ಮೇಲೆ ದೂರು ಹೇಳುವವರು ಅದಕ್ಕೆ ಮೊದಲು ಆ ಬದಲಿ ಪಟ್ಟಿಯಲ್ಲಿ ತಮ್ಮ ಹೆಸರು ಬರೆಸಲಿ.

ಪಟ್ಟಿಯನ್ನು ಮುಂದಿನ ಕೂಟದಲ್ಲಿ ಊಟದ ಮೇಜಿನ ಪಕ್ಕದಲ್ಲೇ, ಪೆನ್ನಿನ ಸಮೇತ ಇಟ್ಟಿರುತ್ತೇವೆ. ಭಿನ್ನಾಭಿಪ್ರಾಯ ಇದ್ದವರು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಂದಕ್ಷರ ಬಿಡದೆ ಹಾಕುತ್ತೇವೆ. ಆದರೆ ಅದಕ್ಕೂ ಮೊದಲು ಆ ಸೋದರಿಗೆ ಒಂದು ಫೋನು ಮಾಡಿ. ಈ ಸಲ ದೂರಲಿಕ್ಕಲ್ಲ, "ದಯವಿಟ್ಟು ಬಿಡಬೇಡಿ" ಎಂದು ಹೇಳಲಿಕ್ಕೆ.