ಕಂಪನಿ ಹೆಸರು ಕೇಳ್ತೀರಿ, ತಾರೀಖು ಯಾಕ ನೋಡಲ್ರಿ?

ಟೈರ್ ಒಡೆದ ಸುದ್ದಿ ಬಂದ್ರ ನಮ್ಮ ಶಹಾಪುರ, ಸುರಪುರ ಕಡೆ ಮೊದಲ ಮಾತು, "ಯಾವ ಕಂಪನಿದು?" ಒಬ್ಬರಿಗೆ ಎಂಆರ್‌ಎಫ್ ಅಂದ್ರ ದೇವರು, ಇನ್ನೊಬ್ಬರಿಗೆ ಅಪೊಲೊ. ಹಿಂದ ಮೈಸೂರಿನ ವಿಕ್ರಾಂತ್ ಅಂತಿದ್ರು, ಅದು 1997ರಾಗ ಜೆಕೆ ಕೈಗೆ ಹೋಯ್ತು. ಹೆಸರು ಬದಲಾಗ್ತಾವ, ನಮ್ಮ ಬಿಸಿಲು ಬದಲಾಗಲ್ಲ.

ಗಾಳಿ ಕಮ್ಮಿ ಇದ್ರ ಗಾಲಿ ತಿರುಗಿದಷ್ಟು ಸಲ ಟೈರಿನ ಬಗಲು ಮಡಚ್ತದ, ಒಳಗ ಕಾವು ಏರ್ತದ, ಪದರು ಬಿಡ್ತದ. ಅದರ ಮ್ಯಾಲ ಮೆಣಸಿನಕಾಯಿ ಚೀಲ ಮಿತಿ ಮೀರಿ ಹೇರ್ಕೊಂಡು 150ಎ ಹೆದ್ದಾರಿ ಹಿಡಿದು ಬ್ಯಾಡಗಿಗೆ ಒಂದೇ ಓಟ. ಯಾವ ಕಂಪನಿ ತಡೀತದ್ರಿ?

ನನ್ನ ಪಿಕಪ್ಪಿಗೆ ಒಂದು ಅಂಗಡ್ಯಾಗ "ಹೊಸ ಮಾಲು" ಅಂತ ಟೈರ್ ತೋರಿಸಿದ್ರು. ಬಗಲಿಗೆ 1419 ಅಂತಿತ್ತು. ಅಂದ್ರ 2019ರ 14ನೇ ವಾರ ತಯಾರಾದದ್ದು. ಬ್ಯಾಡ ಅಂದೆ. "ಅದನ್ನ ಯಾರೂ ನೋಡಲ್ಲ ಕಾಕಾ" ಅಂದ! ನೋಡಲ್ಲ ಅಂತಾನೇ ಮಾರ್ತಾರ. ಬೀಜದ ಪಾಕೀಟಿನ ಅವಧಿ ಕಣ್ಣಿಗೆ ಹಿಡಿದು ಓದೋ ನಾವು ಇದನ್ನ ಬಿಡ್ತೀವಿ. ರಬ್ಬರ್ ಗೋಡೌನಿನಾಗ ಕುಂತ್ರೂ ಮುಪ್ಪಾಗ್ತದ.

ಇನ್ನ ಗಾಳಿ. ಮುಂಜಾನೆ, ಟೈರ್ ತಣ್ಣಗಿದ್ದಾಗ ನೋಡಿಸ್ರಿ. ಓಡಿ ಬಂದ ಟೈರಿನಾಗ ಗಾಳಿ ಜಾಸ್ತಿ ತೋರಿಸ್ತದ, ಅದಕ್ಕಂತ ಬಿಡಿಸಬ್ಯಾಡ್ರಿ.