ಹಳೆಯ ವಿದ್ಯುತ್ ಕಾರು ಮತ್ತು ಶ್ರಾವಕನ ಅವಸರ

ವಿದ್ಯುತ್ ಕಾರು ಕೊಂಡವರ ಮನೆಗಳಲ್ಲಿ ನಾಲ್ಕಾರು ವರ್ಷಗಳು ಕಳೆದ ಮೇಲೆ ಒಂದೇ ಬಗೆಯ ದೂರು ಕೇಳಿಬರುತ್ತದೆ. ಮೊದಲು ರಾತ್ರಿ ಪ್ಲಗ್ಗು ಹಾಕಿದರೆ ಬೆಳಗಾಗುವಷ್ಟರಲ್ಲಿ ತುಂಬುತ್ತಿದ್ದ ಬ್ಯಾಟರಿ ಈಗ ಬಿಸಿಲೇರಿದರೂ ತುಂಬುವುದಿಲ್ಲ. ದೂರಿನ ಬೆನ್ನಿಗೇ ಉಪದೇಶವೂ ಬರುತ್ತದೆ: "ಗಾಡಿ ಹಳೆಯದಾಯಿತು, ಮಾರಿಬಿಡಿ, ಹೊಸದು ತನ್ನಿ." ಹೊಗೆಯಿಲ್ಲದ ವಾಹನ, ಅಹಿಂಸೆಗೆ ಒಪ್ಪುವ ವಾಹನ ಎಂದು ಅದನ್ನು ಕೊಂಡ ಜೈನ ಗೃಹಸ್ಥನೂ ಈ ಮಾತಿಗೆ ತಲೆದೂಗುತ್ತಿದ್ದಾನೆ. ಇದು ಅಹಿಂಸೆಯ ಹೆಸರಿನಲ್ಲಿ ನಡೆಯುವ ಅನರ್ಥದಂಡವೆಂದು ನಿಷ್ಠುರವಾಗಿಯೇ ಹೇಳಬೇಕಾಗಿದೆ.

ರೋಗವನ್ನು ತಿಳಿಯದೆ ಚಿಕಿತ್ಸೆ ಸಲ್ಲದು. ಮನೆಯ 15 ಆಂಪಿಯರ್ ಸಾಕೆಟ್ಟಿನಿಂದ 230 ವೋಲ್ಟಿನಲ್ಲಿ ಕಾರಿಗೆ ದೊರೆಯುವುದು ಗಂಟೆಗೆ ಸುಮಾರು 3 ಯೂನಿಟ್ಟು. 30 ಯೂನಿಟ್ಟು ಹಿಡಿಯುವ ಬ್ಯಾಟರಿಗೆ ಹತ್ತು ಗಂಟೆಯ ಆಸುಪಾಸು ಬೇಕು. ಇಷ್ಟು ಅಲ್ಪ ಪ್ರವಾಹವನ್ನು ವಯಸ್ಸಾದ ಬ್ಯಾಟರಿಯೂ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಅದರ ಹಿಡಿತ ತಗ್ಗಿರುವುದರಿಂದ ಅದು ಮೊದಲಿಗಿಂತ ಬೇಗನೆ ತುಂಬಬೇಕೇ ಹೊರತು ತಡವಾಗಿ ಅಲ್ಲ. ಆದ್ದರಿಂದ ತಡವಾಗುತ್ತಿದ್ದರೆ ದೋಷವನ್ನು ಮೊದಲು ಬೇರೆಡೆ ಹುಡುಕಬೇಕು. ಸಿಂದಗಿ ತಾಲೂಕಿನ ಮೋರಟಗಿಯಂಥ ಊರುಗಳಲ್ಲಿ ಪಂಪ್‌ಸೆಟ್ಟುಗಳ ಹೊರೆ ಬಿದ್ದಾಗ ವೋಲ್ಟೇಜು ಇಳಿಯುವುದು ರೈತರಿಗೆ ಹೊಸ ಸಂಗತಿಯಲ್ಲ. ಅದು 180ಕ್ಕೆ ಇಳಿದರೆ ಅದೇ ಪ್ರವಾಹದಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಶಕ್ತಿ ಕಡಿಮೆಯಾಗುತ್ತದೆ. ಸಡಿಲಗೊಂಡ ಸಾಕೆಟ್ಟು, ತೆಳುವಾದ ತಂತಿಗಳು ಕಾವೇರಿದರೆ, ಕಾವನ್ನು ಅಳೆಯುವ ಚಾರ್ಜರು ತಾನಾಗಿಯೇ ಪ್ರವಾಹವನ್ನು ತಗ್ಗಿಸುತ್ತದೆ. ಕಾರಿನೊಳಗಿನ ಚಾರ್ಜರಿನ ಒಂದು ಭಾಗ ಕೆಟ್ಟಿರಬಹುದು. ಬ್ಯಾಟರಿಯ ಕೋಶಗಳು ಏರುಪೇರಾಗಿ, ಅವನ್ನು ಸಮಗೊಳಿಸುವ ಕೊನೆಯ ಹಂತ ದೀರ್ಘವಾಗುತ್ತಿರಬಹುದು. ಇವುಗಳಲ್ಲಿ ಕೆಲವು ವೈರಿಂಗ್ ಕೆಲಸದವನಿಂದ, ಕೆಲವು ವರ್ಕ್‌ಶಾಪಿನಲ್ಲಿ ಸರಿಹೋಗತಕ್ಕವು. ಯಾವುದಕ್ಕೂ ಹೊಸ ಕಾರು ಔಷಧವಲ್ಲ. ದೋಷ ಮನೆಯ ತಂತಿಯಲ್ಲಿದ್ದರೆ ಹೊಸ ಕಾರೂ ಅಷ್ಟೇ ನಿಧಾನವಾಗಿ ತುಂಬೀತು!

ಹೊಗೆಯಿಲ್ಲವೆಂಬ ಮಾತೂ ಅರ್ಧಸತ್ಯ. ವಿಜಯಪುರ ಜಿಲ್ಲೆಯಲ್ಲಿಯೇ ಆಲಮಟ್ಟಿಯ 290 ಮೆಗಾವಾಟಿನ ಜಲವಿದ್ಯುದಾಗಾರವೂ ಇದೆ, ಕೂಡಗಿಯ 2400 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವೂ ಇದೆ. ಗೋಡೆಯ ಸಾಕೆಟ್ಟಿಗೆ ಬಂದ ವಿದ್ಯುತ್ತು ಯಾವುದರಿಂದ ಬಂದಿತೆಂದು ಬೇರ್ಪಡಿಸಿ ನೋಡಲಾಗದು. ಹೊಗೆ ಕಾರಿನ ಹಿಂದೆ ಕಾಣದಿದ್ದರೆ ಕೂಡಗಿಯ ಚಿಮಣಿಯಲ್ಲಿ ಕಾಣುತ್ತದೆ. ಆದರೂ ಪೆಟ್ರೋಲ್ ಕಾರಿಗಿಂತ ಇದು ಮೇಲು ಎಂಬ ವಾದಕ್ಕೆ ಬಲವಿದೆ. ಆ ಬಲ ಬರುವುದು ಅದನ್ನು ಬಹುಕಾಲ ಓಡಿಸಿದಾಗ ಮಾತ್ರ. ಲಿಥಿಯಂ, ನಿಕ್ಕಲ್, ತಾಮ್ರಗಳಿಗಾಗಿ ನೆಲ ಅಗೆದು, ನೀರು ಬಳಸಿ, ಕುಲುಮೆ ಉರಿಸಿ ಮಾಡಿದ ಹಿಂಸೆ ಕಾರು ಮನೆಗೆ ಬರುವ ಮುನ್ನವೇ ಮುಗಿದಿರುತ್ತದೆ. ಹೊಸ ಕಾರು ಎಂದರೆ ಆ ಎಲ್ಲ ಆರಂಭವೂ ಮತ್ತೆ ಮೊದಲಿನಿಂದ!

ಪೃಥ್ವಿ, ಜಲ, ಅಗ್ನಿಗಳಲ್ಲಿಯೂ ಜೀವವನ್ನು ಕಂಡ ಧರ್ಮಕ್ಕೆ ಇದನ್ನು ಬಿಡಿಸಿ ಹೇಳಬೇಕೇ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ನಿಷ್ಪ್ರಯೋಜನವಾಗಿ ನೆಲ, ನೀರು, ಬೆಂಕಿಗಳನ್ನು ಪೀಡಿಸುವುದು ಪ್ರಮಾದಚರ್ಯೆ. ಇನ್ನೊಬ್ಬರನ್ನು ಆರಂಭಕ್ಕೆ ಪ್ರೇರಿಸುವ ಮಾತು ಪಾಪೋಪದೇಶ. ಕಾರಣ ವಿಚಾರಿಸದೆ "ಮಾರಿಬಿಡಿ, ಹೊಸದು ತನ್ನಿ" ಎನ್ನುವ ಗೆಳೆಯನ ಮಾತನ್ನು ಇವುಗಳಲ್ಲಿ ಎಲ್ಲಿ ಇಡಬೇಕೆಂಬುದನ್ನು ವಾಚಕರೇ ನಿರ್ಣಯಿಸಲಿ. ಮುದಿ ಎತ್ತು ನಿಧಾನ ನಡೆಯಿತೆಂದು ಅದನ್ನು ಕಟುಕನಿಗೆ ಕೊಡದ ಮನೆತನಗಳು ಈ ಸಮಾಜದವು. ಕಾರು ಎತ್ತಲ್ಲ, ಅದಕ್ಕೆ ಜೀವವಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಆದರೆ ಹೊಸ ಕಾರಿಗಾಗಿ ಅಗೆಯುವ ನೆಲದಲ್ಲಿ ಜೀವವಿದೆ.

ತಾಳ್ಮೆಯೆಂದರೆ ಉದಾಸೀನವೂ ಅಲ್ಲ. ಸಾಕೆಟ್ಟು ಕಪ್ಪಾಗಿದ್ದರೂ, ಪ್ಲಗ್ಗು ಕೈಗೆ ಸುಡುತ್ತಿದ್ದರೂ "ನಡೆಯುತ್ತದೆ ಬಿಡಿ" ಎನ್ನುವವನು ಸಹನಶೀಲನಲ್ಲ, ಪ್ರಮತ್ತ. ಬೆಂಕಿ ಬಿದ್ದರೆ ಮನೆಯವರ ಪ್ರಾಣಕ್ಕೂ ಆತನೇ ಹೊಣೆ. ರೋಗಿಗಳನ್ನು ಸಾಗಿಸುವವರಿಗೆ, ಬಾಡಿಗೆ ಓಡಿಸಿ ಹೊಟ್ಟೆ ಹೊರೆಯುವವರಿಗೆ ಹೊತ್ತಿನ ಬೆಲೆ ಬೇರೆ. ಅವರ ಅಗತ್ಯವನ್ನು ಅನರ್ಥವೆನ್ನಲಾಗದು. ಪ್ರಶ್ನೆಯಿರುವುದು ರಾತ್ರಿಯೆಲ್ಲ ಅಂಗಳದಲ್ಲಿ ನಿಲ್ಲುವ, ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಓಡುವ ಕಾರಿನ ಬಗ್ಗೆ. ಅದಕ್ಕೆ ಎರಡು ಗಂಟೆ ಹೆಚ್ಚು ಹಿಡಿದರೆ ಒಡೆಯನಿಗೆ ಆಗುವ ನಷ್ಟವಾದರೂ ಏನು?

ಈ ಪಾಠ ಕನ್ನಡ ನಾಡಿಗೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಕಾರು ಸೀಸ-ಆಮ್ಲದ ಬ್ಯಾಟರಿಗಳಿಂದ ಓಡುತ್ತಿತ್ತು. ಪೂರ್ತಿ ತುಂಬಲು ಅದಕ್ಕೆ ಎಂಟು ಗಂಟೆಯಷ್ಟು ಬೇಕಾಗುತ್ತಿತ್ತು. ಬ್ಯಾಟರಿ ಸವೆದಾಗ ಬದಲಿಸಬೇಕಾದದ್ದು ಬ್ಯಾಟರಿಯನ್ನು, ಕಾರನ್ನಲ್ಲ. ಇಂದಿನ ಕಾರುಗಳಲ್ಲಿ ಬಿಡಿಭಾಗದ ದುರಸ್ತಿಗಿಂತ ಇಡಿಯ ಘಟಕದ ಬದಲಾವಣೆಯನ್ನೇ ಮುಂದಿಡುವ ವ್ಯಾಪಾರವೂ ದೋಷಮುಕ್ತವಲ್ಲ. ಭಾರತ ಸರಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸವೆದ ಬ್ಯಾಟರಿಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಆದರೆ ಸವೆಯದ ಬ್ಯಾಟರಿಯನ್ನು ಅವಸರದಿಂದ ತ್ಯಾಜ್ಯವಾಗಿಸುವ ಕೊಳ್ಳುವವನ ಮನಸ್ಸಿಗೆ ಯಾವ ಸರಕಾರ ನಿಯಮ ಮಾಡೀತು? ಅದಕ್ಕೆ ವ್ರತವೊಂದೇ ನಿಯಮ.

ಆದುದರಿಂದ ಶ್ರಾವಕನು ಮೊದಲು ವೋಲ್ಟೇಜು ಅಳೆಯಿಸಲಿ, ಸಾಕೆಟ್ಟು ಬದಲಿಸಲಿ, ಚಾರ್ಜರನ್ನೂ ಬ್ಯಾಟರಿಯನ್ನೂ ಪರೀಕ್ಷಿಸಲಿ. ನಿಜವಾಗಿಯೂ ಮಾರಲೇಬೇಕಾದರೆ ಕೊಳ್ಳುವವನಿಗೆ ದೋಷವನ್ನು ಮುಚ್ಚಿಡದೆ ಹೇಳಲಿ, ಏಕೆಂದರೆ ಸತ್ಯಾಣುವ್ರತ ಸಂತೆಯಲ್ಲಿಯೂ ವ್ರತವೇ. ಇಷ್ಟೆಲ್ಲ ಮಾಡಿದ ಮೇಲೂ ಕಾರು ನಿಧಾನವಾಗಿಯೇ ತುಂಬುವುದಾದರೆ ತುಂಬಲಿ. ರಾತ್ರಿ ಹೇಗೂ ದೀರ್ಘವಾಗಿದೆ.