ಕ್ಷಮೆಯ ಹೆಸರಿನಲ್ಲಿ ಮೌನ ಬೇಡ



2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಗೌರಿಯವರ ಸಾವಿಗೆ ಸಂಭ್ರಮಿಸಿದವರೂ ಇದ್ದರು. ಕ್ರೈಸ್ತಳಾಗಿ ನನ್ನನ್ನು ಹೆಚ್ಚು ಕಾಡುವುದು ಆ ಸಂಭ್ರಮ. ಕ್ಷಮೆಯ ಹೆಸರಿನಲ್ಲಿ ಅದಕ್ಕೆ ಮೌನವಾಗಿರಲಾರೆ.

ಕಲಬುರ್ಗಿಯವರ ಹತ್ಯೆಯಾದ 2015ರಲ್ಲೇ, ಜೂನ್ 17ರಂದು ಅಮೆರಿಕದ ಚಾರ್ಲ್ಸ್‌ಟನ್‌ನ ಚರ್ಚೊಂದರಲ್ಲಿ ಬೈಬಲ್ ಅಧ್ಯಯನಕ್ಕೆ ಕೂತಿದ್ದ ಕಪ್ಪು ಜನರಲ್ಲಿ 9 ಮಂದಿಯನ್ನು, ಅವರೇ ಬರಮಾಡಿಕೊಂಡಿದ್ದ ಬಿಳಿಯ ಯುವಕ ಕೊಂದ. ಎರಡೇ ದಿನದಲ್ಲಿ ಸತ್ತವರ ಬಂಧುಗಳಲ್ಲಿ ಕೆಲವರು ಕೋರ್ಟಿನಲ್ಲಿ ಅವನನ್ನು ಕ್ಷಮಿಸಿದರು. ವಿಚಾರಣೆ ನಿಲ್ಲಲಿಲ್ಲ, ಶಿಕ್ಷೆಯೂ ಆಯಿತು. ಒಡಿಶಾದಲ್ಲಿ 1999ರಲ್ಲಿ ತಮ್ಮ ಗಂಡ, ಇಬ್ಬರು ಮಕ್ಕಳನ್ನು ಕೊಂದವರನ್ನು ಗ್ಲಾಡಿಸ್ ಸ್ಟೇನ್ಸ್ ಕೂಡ ಕ್ಷಮಿಸಿದರು. ಮುಖ್ಯ ಅಪರಾಧಿಗೆ ಜೀವಾವಧಿ ಶಿಕ್ಷೆ ತಪ್ಪಲಿಲ್ಲ. ಕ್ಷಮಿಸುವ ಹಕ್ಕು ನೊಂದವರದು. ಏನನ್ನೂ ಕಳೆದುಕೊಳ್ಳದ ನಾವು ಅವರ ಪರವಾಗಿ ಕ್ಷಮಿಸಿಬಿಡುವುದು ಅನ್ಯಾಯ.

ದ್ವೇಷ ಹುಟ್ಟುವುದು ಭಯದಿಂದ. ತಿ. ನರಸೀಪುರದ ಕಡೆ ಚಿರತೆಗೆ ಹೆದರುವ ರೈತನ ಭಯ ನಿಜವಾದದ್ದು. ನೆರೆಮನೆಯವನ ದೇವರಿಗೆ ಹೆದರುವುದು ಮಾತ್ರ ಯಾರೋ ಬಿತ್ತಿದ ಭಯ. ಟಿಪ್ಪು ಸುಲ್ತಾನ್ ದೇವರಾದ ನಂಜುಂಡನನ್ನೇ ಹಕೀಮ (ವೈದ್ಯ) ಎಂದು ಕರೆದನೆಂದು ಇಂದಿಗೂ ಹೇಳಿಕೊಳ್ಳುವ ನಂಜನಗೂಡಿನಲ್ಲಿ ಆ ಭಯಕ್ಕೆ ಜಾಗ ಸಿಗಬಾರದು.

ಕತ್ತಿಯನ್ನು ಒರೆಗೆ ಸೇರಿಸು ಎಂದು ಶಿಷ್ಯ ಪೇತ್ರನಿಗೆ ಯೇಸು ಹೇಳಿದ್ದು ತನ್ನನ್ನು ಬಂಧಿಸಲು ಬಂದವರ ಎದುರಿನಲ್ಲೇ. ನಂಜನಗೂಡು, ತಿ. ನರಸೀಪುರ ಎರಡೂ ಊರಿನ ಪಾದ್ರಿಗಳು, ಪಾಸ್ಟರುಗಳು ಈ ಭಾನುವಾರವೇ ವಾಟ್ಸ್‌ಆ್ಯಪ್‌ನ ದ್ವೇಷದ ಸಂದೇಶಗಳ ಬಗ್ಗೆ ನೇರವಾಗಿ ಮಾತಾಡಲಿ. ನಮ್ಮ ಸಭೆಯವರು ಕಳಿಸುವ ಸಂದೇಶಗಳನ್ನೂ ಬಿಡದಿರಲಿ.

— ಓದುಗರೊಬ್ಬರು, ನಂಜನಗೂಡು